ತಡೆದು ನಿಲ್ಲುವ ವಿದ್ಯೆ

ಮಧ್ಯಾಹ್ನದ ಕಡೆಯ ತಾಸಿಗೆ ನಾನು ರನ್ನನ ಗದಾಯುದ್ಧವನ್ನು ಪಾಠ ಹೇಳುತ್ತೇನೆ. ಜಮಖಂಡಿಯಲ್ಲಿ ಕುಳಿತು ರನ್ನನನ್ನು ಓದುವುದರಲ್ಲಿ ಒಂದು ವಿಶೇಷವಾದ ಸುಖವುಂಟು. ಕವಿಯ ಊರಾದ ಮುಧೋಳ ಇಲ್ಲಿಂದ ಬಸ್ಸಿನಲ್ಲಿ ಹೆಚ್ಚು ಹೊತ್ತಿನ ದಾರಿಯಲ್ಲ. ತರಗತಿಯಲ್ಲಿ ಹಲವರು ಆ ಕಡೆಯ ಹುಡುಗರೇ. ಕೊಠಡಿಯ ಕಿಟಕಿ ಆಟದ ಬಯಲಿಗೆ ತೆರೆದಿರುವುದರಿಂದ, ವೈಶಂಪಾಯನ ಸರೋವರದ ನೀರಿನೊಳಗೆ ದುರ್ಯೋಧನ ಅಡಗಿರುವ ಸಂದರ್ಭವನ್ನು ನಾನು ವಿವರಿಸುತ್ತಿರುವಾಗಲೇ ಹೊರಗೆ ಸೀಟಿ ಕೇಳಿಸುತ್ತದೆ, ಕಬಡ್ಡಿಯ ಅಭ್ಯಾಸ ಮೊದಲಾಗುತ್ತದೆ. ನಮ್ಮ ಹಿರಿಯರು ಹುತುತು ಎನ್ನುತ್ತಿದ್ದ ಆಟ. ನನ್ನ ಶ್ರೋತೃಗಳ ಕಣ್ಣು ಪುಸ್ತಕದ ಮೇಲಿದ್ದರೂ ಕಿವಿ ಬಯಲಿನಲ್ಲಿರುತ್ತದೆಂಬುದು ನನಗೆ ಗೊತ್ತು. ನಿಜ ಹೇಳಬೇಕೆಂದರೆ ನನ್ನ ಕಿವಿಯೂ ಅಲ್ಲಿಯೇ ಇರುತ್ತದೆ.

ತಂಡದಲ್ಲಿ ಬನಹಟ್ಟಿಯ ನೇಕಾರರ ಮನೆಯ ಹುಡುಗನೊಬ್ಬನಿದ್ದ. ತಾಲೀಮಿನಲ್ಲಿ ಮಣ್ಣು ಮೆತ್ತಿಕೊಂಡು ಬೆಳೆದ ಮೈ, ಹಿಡಿದರೆ ಬಿಡಿಸಿಕೊಳ್ಳುವವರಿಲ್ಲ. ಅಂಗಳದ ಮೂಲೆಯನ್ನು ಕಾಯುವ ಕೆಲಸ ಅವನದು. ಆದರೆ ಎದುರಾಳಿ ಒಳಗೆ ಬಂದು ತೊಡೆ ತಟ್ಟಿ ಕೆಣಕಿದನೆಂದರೆ ಈತನಿಗೆ ತಡೆದುಕೊಳ್ಳಲಾಗದು. ಜೊತೆಯವರು ಸಿದ್ಧರಾಗುವ ಮೊದಲೇ ನುಗ್ಗುವನು. ಎದುರಾಳಿ ಬೆರಳು ತಾಗಿಸಿ ಗೆರೆಗೆ ಹಾರಿಬಿಡುವನು. ನಮ್ಮ ದೈಹಿಕ ಶಿಕ್ಷಣದ ಗುರುಗಳು ಅವನನ್ನು ಬೈಯಲಿಲ್ಲ. ಎರಡು ವಾರ ಅವನಿಗೆ ಹಿಡಿಯುವ ಅಪ್ಪಣೆಯನ್ನೇ ಕೊಡಲಿಲ್ಲ. ಒಬ್ಬರಾದ ಮೇಲೊಬ್ಬರು ಬಂದು ಕೆಣಕುವುದು, ಈತ ಹೆಜ್ಜೆ ಸರಿಸುತ್ತ, ಬಂದವನ ಮುಖವನ್ನಾಗಲಿ ಕೈಯನ್ನಾಗಲಿ ನೋಡದೆ ಸೊಂಟವನ್ನೇ ನೋಡುತ್ತ, ಸುಮ್ಮನೆ ಮೂಲೆಯನ್ನು ಕಾಯುವುದು. ಆಮೇಲೆ ಪಕ್ಕದವನ ಕೈ ಹಿಡಿದು ಸರಪಳಿಯಾಗಿ ನಡೆಯುವುದು. ಒಬ್ಬನ ಹೆಜ್ಜೆ ಮುಂದಾದರೆ ಇಬ್ಬರೂ ಮೊದಲಿನಿಂದ ಆರಂಭಿಸಬೇಕು. ಹಿಡಿಯುವುದನ್ನು ಕಲಿಸುವುದಕ್ಕೆ ಮುಂಚೆ ಹಿಡಿಯದಿರುವುದನ್ನು ಕಲಿಸಬೇಕೆಂಬುದು ಆ ಗುರುಗಳ ಮತ.

ಕಿಟಕಿಯಿಂದ ಇದನ್ನು ನೋಡುತ್ತಿದ್ದ ನನಗೆ ಒಳಗಿನ ಪಾಠವೂ ಹೊರಗಿನ ಪಾಠವೂ ಒಂದೇ ಎಂದು ತೋರಿತು. ಭೀಷ್ಮರು ದುರ್ಯೋಧನನಿಗೆ ಹೇಳಿದ್ದು ಇಷ್ಟೇ ತಾನೆ? ಈ ಒಂದು ದಿನ ನೀರಿನಲ್ಲಿ ನಿಲ್ಲು, ನಿನ್ನವರು ಬಂದು ಸೇರುವವರೆಗೆ ಹೊರಗೆ ಬರಬೇಡ. ಬಲರಾಮನ ಶಿಷ್ಯ, ಗದೆಯ ವಿದ್ಯೆಯಲ್ಲಿ ಯಾರಿಗೂ ಕಡಮೆಯಾದವನಲ್ಲ. ಭೀಮನ ಮೂದಲೆಯ ಮಾತು ನೀರಿನೊಳಗೂ ಮುಟ್ಟಿತು, ದುರ್ಯೋಧನ ಹೊರಬಂದ. ಹೊಡೆಯುವ ವಿದ್ಯೆಯನ್ನು ಕಲಿಸಿದ ಗುರು ಕೆಣಕಿದಾಗ ನಿಲ್ಲುವ ವಿದ್ಯೆಯನ್ನು ಕಲಿಸಿರಲಿಲ್ಲ.

ಆ ಸಂಜೆ ಚಹದ ಅಂಗಡಿಯಲ್ಲಿ ನಮ್ಮ ಕ್ರೀಡಾಗುರುಗಳು ತಮ್ಮ ವಿದ್ಯೆಯ ವಂಶಾವಳಿಯನ್ನು ಹೇಳಿದರು. ನಮ್ಮ ಕಾಲೇಜುಗಳಲ್ಲಿ ಇಂದು ನಡೆಯುವ ಶಾರೀರಿಕ ಶಿಕ್ಷಣದ ಒಂದು ಬೇರು 1920ರಲ್ಲಿ ಹ್ಯಾರಿ ಬಕ್ ಎಂಬ ಅಮೆರಿಕದವರು ಮದರಾಸಿನಲ್ಲಿ ವೈ.ಎಂ.ಸಿ.ಎ. ಪರವಾಗಿ ತೆರೆದ ಶಾಲೆಯಲ್ಲಿದೆ. ಅದರ ಬೇರು ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿದೆ. ಈ ಮಾತನ್ನು ಕೇಳುತ್ತಿದ್ದಂತೆ ನನಗೆ ನೆನಪಾದವರು ಆ ದಾರಿಯನ್ನು ತಿರುವುಮುರುವಾಗಿ ನಡೆದ ಒಬ್ಬರು. ಧಾರವಾಡದಿಂದ ಅಮೆರಿಕಕ್ಕೆ ಹೋಗಿ ವೈದ್ಯವಿದ್ಯೆಯನ್ನು ಬೆಳೆಸಿಕೊಂಡು ಬಂದು, ಔಷಧದ ಪೆಟ್ಟಿಗೆಯನ್ನು ಬದಿಗಿಟ್ಟು, ಭಾರತದ ತರುಣರಿಗೆ ಸಾಲಿನಲ್ಲಿ ನಿಲ್ಲುವುದನ್ನು ಕಲಿಸಿದವರು. ಅವರೇ ಡಾ. ನಾರಾಯಣ ಸುಬ್ಬರಾವ ಹರ್ಡೀಕರರು. ಕನ್ನಡದ ಅಧ್ಯಾಪಕರಾದ ನಾವು ಅವರ ಹೆಸರನ್ನು ತೆಗೆಯುವುದು ಕಡಮೆ. ಅವರು ಕಾವ್ಯ ಬರೆಯಲಿಲ್ಲ, ನಾಟಕ ಬರೆಯಲಿಲ್ಲ. ಅವರು ರಚಿಸಿದ್ದೆಲ್ಲ ಮನುಷ್ಯರ ಸಾಲುಗಳು. ಸಾಲು ಚದುರಿದ ಮೇಲೆ ಉಳಿಯುವುದೇನು?

ಹರ್ಡೀಕರರು ಹುಟ್ಟಿದ್ದು ಧಾರವಾಡದಲ್ಲಿ, 1889ರ ಮೇ 7ರಂದು. ಅವರ ಬಾಲ್ಯದ ವರ್ಷಗಳು ಮುಂಬಯಿ ಪ್ರಾಂತಕ್ಕೆ ಪ್ಲೇಗು ನುಗ್ಗಿದ ವರ್ಷಗಳು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ಮಾರಿ ಎರಡು ವರ್ಷಗಳೊಳಗೆ ಹುಬ್ಬಳ್ಳಿ ಧಾರವಾಡಗಳನ್ನು ಹಿಡಿದುಕೊಂಡಿತು. ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಬದುಕಿತು. ರೋಗ ಬಂದ ಮೇಲೆ ಓಡಾಡುವುದಕ್ಕಿಂತ ಬರುವ ಮೊದಲೇ ಅದನ್ನು ತಡೆಯುವುದು ಮೇಲೆಂಬ ಪಾಠವನ್ನು ಆ ಕಾಲದ ಮಕ್ಕಳಿಗೆ ಯಾರೂ ಬೇರೆಯಾಗಿ ಹೇಳಬೇಕಾಗಿರಲಿಲ್ಲ. ತಾರುಣ್ಯಕ್ಕೆ ಬರುವ ಹೊತ್ತಿಗೆ ವಂಗಭಂಗದ ಕಾವು, ತಿಲಕರ ಪ್ರಭಾವ. ವೈದ್ಯಶಿಕ್ಷಣಕ್ಕೆ ಕಲಕತ್ತೆಗೆ ಹೋದದ್ದೂ ಆ ಗಾಳಿಯಲ್ಲಿಯೇ. ಈ ಭಾಗವನ್ನು ನಾನು ಬೇಗ ದಾಟುತ್ತೇನೆ. ಆ ಕಾಲದ ಅನೇಕ ದೇಶಭಕ್ತರ ತಾರುಣ್ಯ ಹೆಚ್ಚುಕಡಮೆ ಹೀಗೆಯೇ ಇತ್ತು.

1916ರಲ್ಲಿ ಅವರು ಅಮೆರಿಕಕ್ಕೆ ತೆರಳಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ವ್ಯಾಸಂಗ ಮಾಡಿದರು. ಆ ವಿಶ್ವವಿದ್ಯಾಲಯವಿರುವ ಆ್ಯನ್ ಆರ್ಬರ್ ಎಂಬ ಊರಿನ ಬಗೆಗೆ ಇಲ್ಲಿ ಒಂದೆರಡು ಮಾತು ಹೇಳಬೇಕು. ಶರದೃತು ಬಂತೆಂದರೆ ಆ ಊರಿನ ಬಾಯಲ್ಲಿ ಒಂದೇ ಮಾತು, ಫುಟ್‌ಬಾಲ್. ಅದು ನಾವು ಬಲ್ಲ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಹನ್ನೊಂದು ಜನ ನುಗ್ಗುವುದು, ಹನ್ನೊಂದು ಜನ ಅವರನ್ನು ತಡೆಯುವುದು. 1901ರಲ್ಲಿ ಫೀಲ್ಡಿಂಗ್ ಯೋಸ್ಟ್ ಎಂಬ ಶಿಕ್ಷಕ ಅಲ್ಲಿಗೆ ಬಂದ. ಅವನ ಮೊದಲ ವರ್ಷದ ತಂಡ ಹನ್ನೊಂದು ಪಂದ್ಯಗಳಲ್ಲಿ 550 ಅಂಕಗಳನ್ನು ಗಳಿಸಿತು. ಪತ್ರಿಕೆಗಳು ಹೊಗಳಿದ್ದು ಆ 550ನ್ನು. ನನ್ನ ಲಕ್ಷ್ಯ ಹೋಗುವುದು ಅದರ ಪಕ್ಕದ ಅಂಕೆಗೆ: ಎದುರಾಳಿಗಳೆಲ್ಲ ಸೇರಿ ಗಳಿಸಿದ್ದು ಸೊನ್ನೆ. ಹರ್ಡೀಕರರು ಆ ಊರಿನಲ್ಲಿ ಓದುತ್ತಿದ್ದಾಗಲೂ ಯೋಸ್ಟನೇ ಶಿಕ್ಷಕನಾಗಿದ್ದ.

ಆ ಆಟದಲ್ಲಿ ತಡೆಯುವವರ ಕಷ್ಟ ವಿಚಿತ್ರವಾದದ್ದು. ಚೆಂಡು ಯಾರ ಕೈಗೆ ಹೋಗುತ್ತದೆ, ಯಾವ ದಿಕ್ಕಿಗೆ ಓಡುತ್ತದೆ ಎಂಬುದು ನುಗ್ಗುವವರಿಗೆ ಮೊದಲೇ ಗೊತ್ತು, ತಡೆಯುವವರಿಗೆ ಗೊತ್ತಿಲ್ಲ. ಆದುದರಿಂದ ಅವರಿಗೆ ಕಲಿಸುವ ಮೊದಲ ಪಾಠ ಬಾಗಿ ಕಾಲೂರಿ ನಿಲ್ಲುವುದು. ಎರಡನೆಯದು, ತನಗೆ ಒಪ್ಪಿಸಿದ ಇಷ್ಟಗಲದ ನೆಲವನ್ನು ಬಿಟ್ಟು ಚೆಂಡಿನ ಹಿಂದೆ ಓಡದಿರುವುದು. ಎದುರಾಳಿ ಬಲಕ್ಕೆ ಹೋಗುವಂತೆ ನಟಿಸಿ ಎಡಕ್ಕೆ ತಿರುಗುತ್ತಾನೆ. ನಟನೆಯನ್ನು ನಂಬಿ ಒಬ್ಬ ಜಾಗ ಬಿಟ್ಟರೆ ಅದೇ ಬಾಗಿಲಾಗುತ್ತದೆ. ಆ ಕಾಲದಲ್ಲಿ ಸಾಮಾನ್ಯವಾಗಿ ಏಳು ಜನ ಮುಂದಿನ ಸಾಲಿನಲ್ಲಿ ನಿಲ್ಲುತ್ತಿದ್ದರು. ನಮ್ಮ ಕಬಡ್ಡಿಯ ಅಂಗಳದಲ್ಲಿಯೂ ಏಳು ಜನ. ಹಿಡಿದು ಕೆಡಹುವುದನ್ನು ಅಭ್ಯಾಸ ಮಾಡುವುದಕ್ಕೆ ಅಮೋಸ್ ಅಲಾಂಜೊ ಸ್ಟಾಗ್ ಎಂಬ ಮತ್ತೊಬ್ಬ ಪ್ರಸಿದ್ಧ ಶಿಕ್ಷಕ ಸುತ್ತಿದ ಹಾಸಿಗೆಯಿಂದ ಬೊಂಬೆಯೊಂದನ್ನು ಮಾಡಿದನೆಂದು ಹೇಳುತ್ತಾರೆ. ಬೊಂಬೆಯನ್ನು ನೂರು ಸಲ ಹಿಡಿದವನು ಮನುಷ್ಯನನ್ನು ಒಂದು ಸಲ ಸರಿಯಾಗಿ ಹಿಡಿಯುತ್ತಾನೆ. ಆಟ ಕ್ರೂರವಾಗಿಯೂ ಇತ್ತು. 1905ರ ಋತುವೊಂದರಲ್ಲಿಯೇ ಕಡಮೆಯೆಂದರೆ 18 ತರುಣರು ಸತ್ತರು; ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಕಾಲೇಜುಗಳ ಪ್ರತಿನಿಧಿಗಳನ್ನು ಕರೆಸಿ ಮಾತಾಡಬೇಕಾಯಿತು, ಮರುವರ್ಷ ನಿಯಮಗಳು ಬದಲಾದವು.

ಆ ಬಯಲಿಗೂ ಹರ್ಡೀಕರರ ಮುಂದಿನ ಕಾರ್ಯಕ್ಕೂ ಗಂಟು ಹಾಕುವುದು ನನ್ನ ಉದ್ದೇಶವಲ್ಲ. ಅಮೆರಿಕದಲ್ಲಿ ಅವರ ಬಿಡುವೆಲ್ಲ ಹೋದದ್ದು ಲಾಲಾ ಲಜಪತರಾಯರ ಜೊತೆಯಲ್ಲಿ. 1917ರಲ್ಲಿ ಲಾಲಾಜಿ ನ್ಯೂಯಾರ್ಕಿನಲ್ಲಿ ಇಂಡಿಯಾ ಹೋಮ್‌ರೂಲ್ ಲೀಗನ್ನು ಸ್ಥಾಪಿಸಿದಾಗ ಹರ್ಡೀಕರರು ಅದರ ಕಾರ್ಯಕರ್ತರಲ್ಲಿ ಪ್ರಮುಖರಾಗಿದ್ದರು. ಪರದೇಶದ ಜನಕ್ಕೆ ಭಾರತದ ಸಂಗತಿಯನ್ನು ತಿಳಿಸುವುದು, ಶಾಖೆಗಳನ್ನು ತೆರೆಯುವುದು, ಸದಸ್ಯರನ್ನು ಕೂಡಿಸುವುದು, ಪತ್ರಿಕೆಯನ್ನು ಹಂಚುವುದು: ಸಂಘಟನೆಯೆಂಬ ನೀರಸವಾದ, ಯಾರೂ ಹಾಡಿ ಹೊಗಳದ ಕೆಲಸವನ್ನು ಅವರು ಅಲ್ಲಿ ಕಲಿತರು. ಸಾರ್ವಜನಿಕ ಆರೋಗ್ಯಶಾಸ್ತ್ರವೂ ಅಂಥದೇ ವಿದ್ಯೆ. ಶಸ್ತ್ರವೈದ್ಯನಿಗೆ ಕೀರ್ತಿಯುಂಟು, ಬಾವಿಯ ನೀರನ್ನು ಶುದ್ಧವಾಗಿಟ್ಟು ಕಾಲರಾ ಬಾರದಂತೆ ಮಾಡಿದವನಿಗೆ ಕೀರ್ತಿಯಿಲ್ಲ, ಏಕೆಂದರೆ ಬಾರದ ರೋಗ ಯಾರ ಕಣ್ಣಿಗೂ ಬೀಳುವುದಿಲ್ಲ.

1921ರಲ್ಲಿ ಅವರು ಮರಳಿದಾಗ ದೇಶ ಅಸಹಕಾರದ ಉತ್ಸಾಹದಲ್ಲಿತ್ತು. ಅದೇ ವರ್ಷ ಜುಲೈ 1ರಂದು ಅವರ ಹುಟ್ಟೂರಾದ ಧಾರವಾಡದಲ್ಲಿ ಹೆಂಡದಂಗಡಿಯ ಮುಂದೆ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ, ಖಿಲಾಫತ್ತಿನ ಮೂವರು ಕಾರ್ಯಕರ್ತರು ಸತ್ತಿದ್ದರು. ಮರುವರ್ಷದ ಫೆಬ್ರವರಿಯಲ್ಲಿ ಚೌರಿಚೌರಾದಲ್ಲಿ ಜನ ರೊಚ್ಚಿಗೆದ್ದು ಪೊಲೀಸ್ ಠಾಣೆಗೆ ಬೆಂಕಿಯಿಟ್ಟರು; 20ಕ್ಕೂ ಹೆಚ್ಚು ಪೊಲೀಸರು ಸತ್ತರು, ಗಾಂಧೀಜಿ ಚಳವಳಿಯನ್ನೇ ನಿಲ್ಲಿಸಿಬಿಟ್ಟರು. ಅದನ್ನು ನೈತಿಕ ಪತನವೆಂದು ಕಂಡವರು ಹಲವರು. ವೈದ್ಯನ ಕಣ್ಣಿಗೆ ಅದು ಬೇರೆಯಾಗಿಯೂ ಕಂಡೀತು. ಅಹಿಂಸೆಯ ಪ್ರತಿಜ್ಞೆಯನ್ನು ನಾಲಗೆಯಿಂದ ಮಾಡಿಸಬಹುದು. ಪೆಟ್ಟು ಬಿದ್ದಾಗ ಉತ್ತರ ಕೊಡುವುದು ಕೈ. ನಾಲಗೆಗೆ ಕಲಿಸಿದ್ದನ್ನು ಕೈಗೆ ಯಾರೂ ಕಲಿಸಿರಲಿಲ್ಲ.

ಹುಬ್ಬಳ್ಳಿಯಲ್ಲಿ ಅವರು ಕಟ್ಟಿದ ಸೇವಾಮಂಡಲದ ಪರೀಕ್ಷೆ ನಡೆದದ್ದು 1923ರಲ್ಲಿ, ನಾಗಪುರದ ಧ್ವಜಸತ್ಯಾಗ್ರಹದಲ್ಲಿ. ಚರಕದ ಬಾವುಟವನ್ನು ಹಿಡಿದು ಅಧಿಕಾರಿಗಳ ಬಡಾವಣೆಯ ಕಡೆಗೆ ನಡೆಯುವುದಷ್ಟೇ ಸತ್ಯಾಗ್ರಹಿಗಳ ಕೆಲಸ. ನಾಡಿನ ಮೂಲೆಮೂಲೆಯಿಂದ ತಂಡಗಳು ಬಂದವು, ಸಾವಿರಕ್ಕೂ ಹೆಚ್ಚು ಜನ ಬಂದಿಗಳಾದರು. ಹೊರಗಿನ ಜಯಘೋಷದಲ್ಲಿ ಎಲ್ಲರೂ ವೀರರೇ. ಒಳಗೆ ಹೋದ ಮೇಲೆ ಜಯಘೋಷವಿಲ್ಲ. ಕಲ್ಲು ಬೆರೆತ ಅನ್ನ, ಬೀಸುವ ಕಲ್ಲು, ಅವಮಾನ. ಜೊತೆಗೆ, ಕ್ಷಮಾಪಣೆ ಬರೆದುಕೊಟ್ಟರೆ ಈ ದಿನವೇ ಬಿಡುಗಡೆಯೆಂಬ ಆಸೆ. ಎಷ್ಟೋ ಜನ ಸೋತು ಬರೆದುಕೊಟ್ಟು ಹೊರಬಂದರು. ಹರ್ಡೀಕರರ ಹುಬ್ಬಳ್ಳಿಯ ತಂಡ ಬರೆದುಕೊಡಲಿಲ್ಲ. ಈ ಸಂಗತಿ ದೇಶದ ಗಮನವನ್ನು ಸೆಳೆಯಿತು. ಹುಬ್ಬಳ್ಳಿಯವರ ಎಲುಬು ಬೇರೆಯವರ ಎಲುಬಿಗಿಂತ ಗಟ್ಟಿಯೆಂದು ನಾವು ಹೆಮ್ಮೆಪಟ್ಟುಕೊಳ್ಳಬಹುದು, ಅದು ಊರಾಭಿಮಾನ. ಅವರು ಮೊದಲೇ ಒಟ್ಟಿಗೆ ಉಂಡು, ಒಟ್ಟಿಗೆ ಎದ್ದು, ಒಟ್ಟಿಗೆ ನಡೆದು ಅಭ್ಯಾಸವಾದವರು. ಒಬ್ಬನೇ ನಿಂತವನಿಗೆ ಕ್ಷಮಾಪಣೆಯ ಕಾಗದ ಹಗುರವಾಗಿ ಕಾಣುತ್ತದೆ. ಪಕ್ಕದವನ ಹೆಗಲು ತಾಗುತ್ತಿದ್ದರೆ ಅದೇ ಕಾಗದ ಭಾರವಾಗುತ್ತದೆ.

ಆ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡದ ಕಾಂಗ್ರೆಸ್ಸಿನಲ್ಲಿ ಅಖಿಲ ಭಾರತ ಮಟ್ಟದ ಸ್ವಯಂಸೇವಕ ದಳವೊಂದು ಬೇಕೆಂಬ ಹರ್ಡೀಕರರ ಸೂಚನೆಗೆ ಮನ್ನಣೆ ದೊರೆತು ಹಿಂದುಸ್ತಾನಿ ಸೇವಾದಳ ಹುಟ್ಟಿತು. ಜವಾಹರಲಾಲ ನೆಹರೂ ಅವರು ಬೆಂಬಲವಾಗಿ ನಿಂತು ಮೊದಲ ಅಧ್ಯಕ್ಷರಾದರು. ಆದರೆ ದಾರಿ ಸುಗಮವಾಗಿರಲಿಲ್ಲ. ಸಮವಸ್ತ್ರ, ಕವಾಯತು, ಅಪ್ಪಣೆ, ಸಾಲು: ಇದೆಲ್ಲ ಸೈನ್ಯದ ಲಕ್ಷಣ, ಅಹಿಂಸೆಯ ಮನೆಯೊಳಗೆ ಸೈನ್ಯವನ್ನು ಬಿಟ್ಟುಕೊಂಡರೆ ಅದು ನಾಳೆ ಯಜಮಾನರ ಮಾತನ್ನು ಕೇಳೀತೆ ಎಂದು ಕಾಂಗ್ರೆಸ್ಸಿನೊಳಗೇ ಅನೇಕರು ಶಂಕಿಸಿದರು.

ಈ ಶಂಕೆಯನ್ನು ಹಳಬರ ಮಂಕುತನವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನಾನು ಶಾಲೆಯಲ್ಲಿ ಕವಾಯತಿನಿಂದ ತಪ್ಪಿಸಿಕೊಂಡು ಗ್ರಂಥಾಲಯದಲ್ಲಿ ಅಡಗುತ್ತಿದ್ದವನು. ಸೀಟಿಯ ಸದ್ದಿಗೆ ಐವತ್ತು ತಲೆಗಳು ಒಂದೇ ಕಡೆ ತಿರುಗುವುದನ್ನು ಕಂಡರೆ ಈಗಲೂ ನನಗೆ ಒಳಗೊಂದು ಅಳುಕು. ಆ ಕಾಲವನ್ನು ನೆನೆದರೆ ಅಳುಕಿಗೆ ಕಾರಣವೂ ಉಂಟು. 1922ರಲ್ಲಿ ಮುಸ್ಸೊಲಿನಿಯ ಕರಿಯಂಗಿಯವರು ರೋಮಿನ ಮೇಲೆ ನಡೆದಿದ್ದರು. ಯುರೋಪಿನ ಬೀದಿಗಳಲ್ಲಿ ಸಮವಸ್ತ್ರದ ತರುಣರು ಕವಾಯತು ಕಲಿಯುತ್ತಿದ್ದ ದಶಕವೇ ಅದು. ಹೆಜ್ಜೆಗೆ ಹೆಜ್ಜೆ ಕೂಡಿಸುವುದನ್ನು ಕಲಿತ ಗುಂಪು ಯಾರನ್ನಾದರೂ ತುಳಿಯಬಲ್ಲದು. ಹಾಗಾದರೆ ಹರ್ಡೀಕರರ ಸಾಲಿಗೂ ಆ ಸಾಲಿಗೂ ಭೇದವೇನು? ಈ ಪ್ರಶ್ನೆಯನ್ನು ಇಟ್ಟುಕೊಂಡೇ ನಾನು ಅವರ ಜೀವನದ ಉಳಿದ ಭಾಗವನ್ನು ಓದಿದೆ.

ಸೇವಾದಳದಲ್ಲಿ ಕಲಿಸುತ್ತಿದ್ದ ವಿಷಯಗಳನ್ನು ನೋಡೋಣ. ಬೆಳಗಿನ ವ್ಯಾಯಾಮ, ಕವಾಯತು, ಶಿಬಿರದ ಜೀವನ, ಗಾಯಗೊಂಡವರಿಗೆ ಪ್ರಥಮ ಚಿಕಿತ್ಸೆ, ನೈರ್ಮಲ್ಯ, ಜಾತ್ರೆ ಸಭೆಗಳಲ್ಲಿ ಜನಸಂದಣಿಯ ನಿಯಂತ್ರಣ, ಧ್ವಜವಂದನೆ. ಇವುಗಳಲ್ಲಿ ಹೊಡೆಯುವ ವಿದ್ಯೆಗಿಂತ ಹಿಡಿದು ನಿಲ್ಲಿಸುವ ವಿದ್ಯೆಯೇ ಹೆಚ್ಚು. ಜನಸಂದಣಿಯ ನಿಯಂತ್ರಣವೆಂದರೇನೆಂದು ನಮ್ಮ ಜಾತ್ರೆಗಳನ್ನು ಕಂಡವರಿಗೆ ಹೇಳಬೇಕಿಲ್ಲ. ತೇರಿನ ಮುಂದೆ ಜನ ಒತ್ತುತ್ತಾರೆ; ಕೈಗೆ ಕೈ ಕೋದು ನಿಂತ ಸಾಲು ಹಿಂದಕ್ಕೆ ಬಾಗುತ್ತದೆ, ಹರಿಯುವುದಿಲ್ಲ. ಒಬ್ಬ ಸಿಟ್ಟಿನಿಂದ ಎದುರಿನವನನ್ನು ನೂಕಿದರೆ ಆ ನೂಕು ಅಲೆಯಾಗಿ ಹಿಂದೆ ಹೋಗಿ, ದುಪ್ಪಟ್ಟಾಗಿ ಮರಳುತ್ತದೆ, ಯಾವುದೋ ಮಗು ಕಾಲಡಿಗೆ ಬೀಳುತ್ತದೆ. ಆದುದರಿಂದ ನೂಕಬಾರದು, ಬಿಡಲೂಬಾರದು. ಈ ಎರಡರ ನಡುವಣ ನಿಲುವನ್ನು ಮೈಗೆ ಕಲಿಸುವುದೇ ಕವಾಯತಿನ ತಿರುಳೆಂದು ನನಗೆ ತೋರುತ್ತದೆ. ಇದಕ್ಕಾಗಿ ದಳ ದೇಶದ ಅನೇಕ ಕಡೆ ಶಿಬಿರಗಳನ್ನು ನಡೆಸಿತು. ಹುಬ್ಬಳ್ಳಿಯಿಂದ ಹರ್ಡೀಕರರ ಸಂಪಾದಕತ್ವದಲ್ಲಿ ‘ವಾಲಂಟಿಯರ್’ ಎಂಬ ಪತ್ರಿಕೆ ಹೊರಟಿತು. ತಿಂಗಳ ಕಡೆಯ ಭಾನುವಾರ ಬೆಳಗ್ಗೆ ಎಂಟು ಗಂಟೆಗೆ ಬಾವುಟವನ್ನೇರಿಸಿ ವಂದಿಸುವ ಪದ್ಧತಿಯನ್ನು ಊರೂರಿಗೆ ಹಬ್ಬಿಸಿದವರೂ ಅವರೇ.

ಈ ಸೇವಾದಳ ವ್ಯಾಯಾಮ ಶಿಕ್ಷಣದ ಶಾಲೆಯೊಂದನ್ನು ನಮ್ಮ ಬಾಗಲಕೋಟೆಯಲ್ಲಿಯೇ ನಡೆಸಿತೆಂಬುದನ್ನು ಇಲ್ಲಿನ ವಾಚಕರಿಗೆ ವಿಶೇಷವಾಗಿ ಹೇಳಬೇಕು. ಆ ಹಳೆಯ ಬಾಗಲಕೋಟೆಯ ಒಂದು ಭಾಗ ಇಂದು ಆಲಮಟ್ಟಿಯ ಹಿನ್ನೀರಿನ ಪಾಲಾಗಿದೆ. ಆಗಿನ ಭೂಪಟವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಬೀಳಗಿ, ಬಾಗಲಕೋಟೆಗಳು ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿದ್ದವು. ಮುಧೋಳ ಘೋರ್ಪಡೆಯವರದು, ಜಮಖಂಡಿ ಪಟವರ್ಧನರದು. ರಬಕವಿ ಸಾಂಗಲಿಗೆ ಸೇರಿತ್ತು, ಅದಕ್ಕೆ ಅಂಟಿಕೊಂಡೇ ಇರುವ ಬನಹಟ್ಟಿ ಜಮಖಂಡಿಗೆ. ಒಂದೇ ಮಗ್ಗದ ಸದ್ದನ್ನು ಕೇಳುವ ಎರಡು ಊರುಗಳಿಗೆ ಇಬ್ಬರು ಅರಸರು. ಈ ಸಂಸ್ಥಾನಗಳಲ್ಲಿ ಗರಡಿಗಳಿಗೆ ಕೊರತೆಯಿರಲಿಲ್ಲ, ಪೈಲವಾನರಿಗೆ ಆಶ್ರಯವಿತ್ತು, ವಸ್ತಾದಿಗೆ ಮರ್ಯಾದೆಯಿತ್ತು. ಮೈಯನ್ನು ಬೆಳೆಸುವುದು ನಮ್ಮವರಿಗೆ ಹೊಸತಲ್ಲ. ಹೊಸತಾಗಿದ್ದದ್ದು ಬೆಳೆಸಿದ ಮೈಯನ್ನು ಪೆಟ್ಟಿಗೆ ಒಡ್ಡಿ ಸುಮ್ಮನಿರಿಸುವುದು.

ಸುಮ್ಮನಿರದೆ ನಿಂತವರ ಕಥೆಯೂ ಈ ನೆಲದಲ್ಲಿಯೇ ಇದೆ. ಮುಧೋಳ ತಾಲೂಕಿನ ಹಲಗಲಿಯ ಬೇಡರು 1857ರಲ್ಲಿ ನಿಶ್ಶಸ್ತ್ರೀಕರಣದ ಕಾಯಿದೆಗೆ ತಲೆಬಾಗದೆ, ಆಯುಧಗಳನ್ನು ಒಪ್ಪಿಸುವುದಿಲ್ಲವೆಂದು ಊರನ್ನೇ ಕೋಟೆ ಮಾಡಿಕೊಂಡು ನಿಂತರು. ನವೆಂಬರಿನ ಕಡೆಯಲ್ಲಿ ಕುಂಪಣಿಯ ದಂಡು ಊರಿಗೆ ಬೆಂಕಿ ಹಚ್ಚಿತು. ಡಿಸೆಂಬರಿನಲ್ಲಿ ನೇಣುಗಂಬಗಳು ಎದ್ದವು. ಅವರ ಲಾವಣಿಯನ್ನು ಕೇಳುತ್ತ ಬೆಳೆದ ನನಗೆ ಆ ಶೌರ್ಯದ ಮುಂದೆ ಸೇವಾದಳದ ಸಾಲು ಬಹಳ ದಿನ ಪೇಲವವಾಗಿ ಕಂಡಿತ್ತು. ಈಗ ಹಾಗೆ ಕಾಣುವುದಿಲ್ಲ. ಹಲಗಲಿಯವರ ಕೈಯಿಂದ ಕಸಿಯಬೇಕಾಗಿದ್ದದ್ದು ಕತ್ತಿ. ಬರಿಗೈಯವರಿಂದ ಸರಕಾರ ಏನನ್ನು ಕಸಿಯಬೇಕು?

1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ ನಡೆದಾಗ ಸ್ವಯಂಸೇವೆಯ ಭಾರ ಹರ್ಡೀಕರರ ಹೆಗಲಿಗೆ ಬಂತು. ವಿಜಯನಗರವೆಂದು ಹೆಸರಿಟ್ಟ ಆ ಶಿಬಿರದಲ್ಲಿ ಮಹಿಳೆಯರ ಪಡೆಯನ್ನು ನಡೆಸಿದವರು ಉಮಾಬಾಯಿ ಕುಂದಾಪುರ. ಎಳೆವಯಸ್ಸಿನಲ್ಲಿಯೇ ವಿಧವೆಯಾಗಿ, ಹುಬ್ಬಳ್ಳಿಯಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ನಡೆಸುತ್ತಿದ್ದ ಅವರನ್ನು ದಳದ ಮಹಿಳಾ ವಿಭಾಗಕ್ಕೆ ಕರೆತಂದವರು ಹರ್ಡೀಕರರು. ಕಮಲಾದೇವಿ ಚಟ್ಟೋಪಾಧ್ಯಾಯರೂ ಆ ವಿಭಾಗದಲ್ಲಿ ದುಡಿದರು. ಉಮಾಬಾಯಿ ಮನೆಮನೆಗೆ ಹೋಗಿ ಹೆಂಗಸರನ್ನು, ಅವರಲ್ಲಿ ವಿಧವೆಯರನ್ನೂ, ಒಪ್ಪಿಸಿ ಕರೆತಂದರು. ಹೊಸ್ತಿಲು ದಾಟುವುದೇ ಅಪರಾಧವೆನ್ನುವ ಕಾಲದಲ್ಲಿ ಸಾವಿರಾರು ಜನರ ನಡುವೆ ಸಾಲಾಗಿ ನಿಂತು ವ್ಯವಸ್ಥೆ ನೋಡಿಕೊಳ್ಳುವುದೆಂದರೆ ಸಾಮಾನ್ಯವೆ? ನನ್ನ ಅಳುಕಿಗೆ ಇಲ್ಲಿ ಒಂದು ಉತ್ತರ ಸಿಕ್ಕಿತು. ತುಳಿಯುವುದಕ್ಕೆ ಕಲಿತ ಸಾಲಿನಲ್ಲಿ ತುಳಿಸಿಕೊಂಡವರಿಗೆ ಜಾಗವಿರುವುದಿಲ್ಲ.

1930ರ ಮೇ 21ರಂದು ಗುಜರಾತದ ಧರಾಸಣದ ಉಪ್ಪಿನ ಕೋಠಿಯ ಮುಂದೆ ನಡೆದುದನ್ನು ಜಗತ್ತೆಲ್ಲ ಓದಿತು. ಸುಮಾರು 2500 ಜನ ಸತ್ಯಾಗ್ರಹಿಗಳು ಸಾಲುಸಾಲಾಗಿ ಮುಂದೆ ನಡೆದರು. ಲೋಹದ ತುದಿಯ ಲಾಠಿಗಳು ತಲೆಯ ಮೇಲೆ ಬಿದ್ದವು. ತಡೆಯುವುದಕ್ಕಾಗಿಯಾದರೂ ಒಬ್ಬರೂ ಕೈ ಎತ್ತಲಿಲ್ಲ. ಬಿದ್ದವರನ್ನು ಹೊತ್ತೊಯ್ದ ಮೇಲೆ ಮುಂದಿನ ಸಾಲು. ಅಮೆರಿಕದ ಪತ್ರಕರ್ತ ವೆಬ್ ಮಿಲ್ಲರ್ ಅಲ್ಲಿಯೇ ನಿಂತು ನೋಡಿ ಬರೆದ. ತಲೆಗೆ ಪೆಟ್ಟು ಬರುವಾಗ ಕೈ ತಾನಾಗಿಯೇ ಮೇಲೇಳುತ್ತದೆ. ಅದು ಮೈಯ ಸ್ವಭಾವ. ಸ್ವಭಾವವನ್ನು ಉಪದೇಶ ಗೆಲ್ಲಲಾರದು, ಅಭ್ಯಾಸ ಗೆಲ್ಲಬಲ್ಲದು. ಹರ್ಡೀಕರರು ಹತ್ತು ವರ್ಷ ಹೇಳುತ್ತ ಬಂದದ್ದು ಈ ಮಾತನ್ನೇ.

ಅವರ ನಿಜವಾದ ಪರೀಕ್ಷೆ ಬಂದದ್ದು ಮರುವರ್ಷ. ಕಾಂಗ್ರೆಸ್ ಕಾರ್ಯಸಮಿತಿ 1931ರಲ್ಲಿ ಸೇವಾದಳವನ್ನು ತನ್ನ ಅಂಗವನ್ನಾಗಿ ಮಾಡಿಕೊಂಡಿತು. ಗೌರವದ ಮಾತೇ ಸರಿ. ಆದರೆ ಅದರೊಡನೆ ದಳದ ಸ್ವಾತಂತ್ರ್ಯವೂ ಹೋಯಿತು. ಎಂಟು ವರ್ಷ ತಮ್ಮ ಕೈಯಿಂದ ಬೆಳೆಸಿದ ಸಂಸ್ಥೆಯ ಮೇಲೆ ಕಡೆಯ ಮಾತು ಹರ್ಡೀಕರರದಾಗಿ ಉಳಿಯಲಿಲ್ಲ. ಶಿಕ್ಷಣ ಪಡೆದ ಯುವಕರ ಪಡೆ ಬೆನ್ನಿಗಿರುವ ನಾಯಕ ಇಂಥ ಸಮಯದಲ್ಲಿ ಏನು ಮಾಡುತ್ತಾನೆಂಬುದನ್ನು ಇತರ ದೇಶಗಳ ಇತಿಹಾಸದಲ್ಲಿ ಓದಿದ್ದೇವೆ. ಇವರು ಒಪ್ಪಿಸಿಬಿಟ್ಟರು. ಸಾಲಿನಲ್ಲಿ ನಿಲ್ಲುವುದನ್ನು ಕಲಿಸಿದವರು ತಮ್ಮ ಸರದಿ ಬಂದಾಗ ತಾವೂ ಸಾಲಿನಲ್ಲಿ ನಿಂತರು. ಕಾಕಿನಾಡದಲ್ಲಿ ಎದ್ದ ಶಂಕೆಗೆ ಇದಕ್ಕಿಂತ ಬೇರೆ ಉತ್ತರ ಬೇಕಿರಲಿಲ್ಲ. ಆ ಉತ್ತರಕ್ಕಾಗಿ ಅವರು ತೆತ್ತ ಬೆಲೆಯನ್ನು ಮಾತ್ರ ನಾವು ಲೆಕ್ಕಕ್ಕೆ ಹಿಡಿದಿಲ್ಲ. 1932ರ ಜನವರಿಯಲ್ಲಿ ಸರಕಾರ ಕಾಂಗ್ರೆಸ್ಸಿನೊಡನೆ ದಳವನ್ನೂ ನಿಷೇಧಿಸಿತು. ಮುಂದೆ ಕಾಂಗ್ರೆಸ್ಸಿನ ಮೇಲಣ ನಿಷೇಧ ಹೋಯಿತು. ಹಿಂದುಸ್ತಾನಿ ಸೇವಾದಳದ ಮೇಲಿನದು ಹೋಗಲಿಲ್ಲ. ಬರಿಗೈಯ ಸಾಲಿಗೆ ಅಧಿಕಾರಿಗಳು ಕೊಟ್ಟ ಪ್ರಶಸ್ತಿಪತ್ರವೆಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ಇಷ್ಟರ ನಡುವೆ ವೈದ್ಯವೃತ್ತಿ ಸಂಪೂರ್ಣವಾಗಿ ಮರೆತುಹೋಗಿರಲಿಲ್ಲ. 1929ರಲ್ಲಿ ಇನ್ನಿತರ ವೈದ್ಯರೊಡನೆ ಸೇರಿ ಗೋಕಾಕ ತಾಲೂಕಿನ ಘಟಪ್ರಭಾದಲ್ಲಿ ಕರ್ನಾಟಕ ಆರೋಗ್ಯಧಾಮವನ್ನು ಅವರು ಆರಂಭಿಸಿದ್ದರು. ಮುಧೋಳದ ಪಕ್ಕದಲ್ಲಿ ಹರಿದು ಬರುವ ಹೊಳೆಯ ಹೆಸರೇ ಆ ಊರಿಗೂ. ಕ್ಷಯರೋಗಕ್ಕೆ ಪರಿಣಾಮಕಾರಿಯಾದ ಮದ್ದು ಇಲ್ಲದ ಕಾಲ ಅದು. ಒಳ್ಳೆಯ ಗಾಳಿ, ಆಹಾರ, ವಿಶ್ರಾಂತಿಗಳಿಂದ ಮೈ ತಾನೇ ರೋಗವನ್ನು ತಡೆದು ನಿಲ್ಲುವಂತೆ ಮಾಡಬೇಕು. ಚಳವಳಿಯ ಗಲಾಟೆಯಲ್ಲಿ ಈ ಆಸ್ಪತ್ರೆಯ ಹೆಸರು ಕೇಳಿಸುವುದಿಲ್ಲ. ನನ್ನ ಪ್ರಾಯದವರಿಗೆ ಹರ್ಡೀಕರರ ಹೆಸರು ಗೊತ್ತಾದದ್ದಾದರೂ ಸಾಮಾನ್ಯವಾಗಿ ಇದರಿಂದಲೇ.

ಸ್ವಾತಂತ್ರ್ಯಾನಂತರ 1952ರಿಂದ 1962ರವರೆಗೆ ಅವರು ರಾಜ್ಯಸಭೆಯಲ್ಲಿದ್ದರು. 1958ರಲ್ಲಿ ಪದ್ಮಭೂಷಣ ಬಂತು. 1975ರ ಆಗಸ್ಟ್ 26ರಂದು ತೀರಿಕೊಂಡರು. ದೇಶದಲ್ಲಿ ತುರ್ತುಪರಿಸ್ಥಿತಿ ಸಾರಿ ಎರಡು ತಿಂಗಳಾಗಿತ್ತು. 1989ರಲ್ಲಿ, ಹುಟ್ಟಿ ನೂರು ವರ್ಷವಾದಾಗ, ಅವರ ಚಿತ್ರದ ಅಂಚೆಚೀಟಿ ಹೊರಬಂತು.

ಇದನ್ನೆಲ್ಲ ಒಂದು ದಿನ ತರಗತಿಯಲ್ಲಿ, ಗದಾಯುದ್ಧವನ್ನು ಅರ್ಧಕ್ಕೆ ಬಿಟ್ಟು, ಹೇಳಿಬಿಟ್ಟೆ. ಪಠ್ಯಕ್ರಮ ಮುಗಿಯದಿರುವ ಅಪರಾಧ ನನ್ನ ಮೇಲಿದೆ. ಬನಹಟ್ಟಿಯ ಹುಡುಗ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ. ಪಾಠ ಮುಗಿದ ಮೇಲೆ ಬಂದು, ಆ ಹುಬ್ಬಳ್ಳಿಯವರಿಗೆ ಜೇಲಿನಲ್ಲಿ ಸಿಟ್ಟು ಬರುತ್ತಿರಲಿಲ್ಲವೇನ್ರಿ ಸರ್ ಎಂದು ಕೇಳಿದ. ಬಂದೇ ಬಂದಿರುತ್ತದೆ ಎಂದೆ. ಅವನು ಇನ್ನೇನನ್ನೋ ಕೇಳುವವನಿದ್ದ. ಅಷ್ಟರಲ್ಲಿ ಹೊರಗೆ ಸೀಟಿ ಊದಿತು, ಪುಸ್ತಕವನ್ನು ನನ್ನ ಮೇಜಿನ ಮೇಲೆಯೇ ಬಿಟ್ಟು ಓಡಿದ. ಕಿಟಕಿಯಿಂದ ನೋಡಿದೆ. ಅಂಗಿ ಕಳಚಿ ಬೇಲಿಯ ಮೇಲೆ ಹಾಕಿ, ಮೂಲೆಗೆ ಹೋಗಿ, ಪಕ್ಕದವನ ಕೈ ಹಿಡಿದುಕೊಂಡ.